ಮೂತಿಯೊಳಗೆ ಐದು ಗ್ರಾಂ

೧

ಈ ಕಥೆಯನ್ನು ವಾಸನೆಯಿಂದ ಶುರುಮಾಡುವುದೋ, ಸುಳ್ಳಿನಿಂದ ಶುರುಮಾಡುವುದೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ವಾಸನೆ ಸುಲಭ. ಬಾಲ್ಯದ ಬಗ್ಗೆ ಬರೆಯುವವರೆಲ್ಲ ವಾಸನೆಯಿಂದಲೇ ಶುರುಮಾಡುತ್ತಾರೆ. ಮೂಗು ಹಿಡಿದರೆ ಬಾಯಿ ತಾನಾಗಿಯೇ ತೆರೆಯುತ್ತದೆ ಎಂಬುದು ನಮ್ಮಂಥ ಅಂಕಣಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಪ್ರಯತ್ನ, ತಗೊಳ್ಳಿ:

"ಪ್ಲಾಸ್ಟಿಕ್ ಅಂಟಿನ ಆ ಘಾಟು ಇಂದಿಗೂ ನನ್ನ ಬೆರಳ ತುದಿಯಲ್ಲಿದೆ. ಸಂಜೆಯ ಇಳಿಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಹತ್ತು ವರ್ಷದ ನಾನು ಉಸಿರು ಬಿಗಿಹಿಡಿದು ಪುಟ್ಟ ವಿಮಾನಕ್ಕೆ ಪುಟ್ಟ ರೆಕ್ಕೆ ಜೋಡಿಸುತ್ತಿದ್ದೆ..."

ಸಾಕು, ನಿಲ್ಲಿಸೋಣ. ಇದರಲ್ಲಿ ಘಾಟು ನಿಜ, ಮೇಜು ನಿಜ, ಬಿಸಿಲೂ ನಿಜ. ಹತ್ತು ವರ್ಷ ಎಂಬುದಕ್ಕೆ ಶಾಲೆಯ ದಾಖಲೆಯಿದೆ. ಉಸಿರು ಬಿಗಿಹಿಡಿದದ್ದಂತೂ ಖಂಡಿತ ನಿಜ. ರೆಕ್ಕೆ ಜೋಡಿಸುತ್ತಿದ್ದೆ ಎಂಬುದೊಂದೇ ಸುಳ್ಳು.

(ಇದೇ ಪ್ಯಾರಾವನ್ನು ಮೂರು ವರ್ಷದ ಹಿಂದೆ ನನ್ನ ಅಂಕಣದಲ್ಲಿ ಅಚ್ಚು ಹಾಕಿಸಿದ್ದೆ. ನಲವತ್ತೊಂದು ಜನ ಪತ್ರ ಬರೆದಿದ್ದರು. ಒಬ್ಬರು ಅತ್ತರಂತೆ.)

೨

ಇಷ್ಟಕ್ಕೂ ಈ ಕಥೆಯನ್ನು ಯಾರೂ ಕೇಳಿರಲಿಲ್ಲ. ಗ್ರಂಥಾಲಯದ ಮೇಡಂ ಕೇಳಿದ್ದು ಒಂದು ಚೀಟಿ. ಅಂಗೈ ಅಗಲದ ರಟ್ಟು, ಐವತ್ತು ಪದ ಮೀರಬಾರದು. ನಮ್ಮ ಬಡಾವಣೆಯ ಗ್ರಂಥಾಲಯದ ಓದುವ ಕೋಣೆಯಲ್ಲಿ ಈ ಶನಿವಾರ 'ಹಳೆಯ ಹವ್ಯಾಸಗಳು' ಎಂಬ ಪ್ರದರ್ಶನವಿದೆ. ಒಬ್ಬರು ಬೆಂಕಿಪೊಟ್ಟಣದ ಚಿತ್ರಗಳನ್ನು ಕೊಡುತ್ತಿದ್ದಾರೆ, ಇನ್ನೊಬ್ಬರು ಅಂಗಿ ಗುಂಡಿಗಳನ್ನು. ನನ್ನ ಪಾಲಿನದು ಒಂಬತ್ತು ಪ್ಲಾಸ್ಟಿಕ್ ವಿಮಾನಗಳು. ಅಂಕಣ ಓದಿದ್ದ ಮೇಡಂ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರಂತೆ.

"ಸರ್, ಜಾಸ್ತಿ ಏನೂ ಬೇಡ," ಅಂದರು ಫೋನಿನಲ್ಲಿ. "ಮಾಡಿದವರು ಅಂತ ಒಂದು ಸಾಲು ಇರುತ್ತೆ, ಅಲ್ಲಿ ನಿಮ್ಮ ಹೆಸರು. ಕೆಳಗೆ ಸ್ವಲ್ಪ ನೆನಪು. ಜನಕ್ಕೆ ನೆನಪು ಇಷ್ಟ. ಶುಕ್ರವಾರ ಐದು ಗಂಟೆಯೊಳಗೆ ಕೊಟ್ಬಿಡಿ. ಉದ್ಘಾಟನೆಗೆ ನಿಮ್ಮ ತಂದೆಯವರನ್ನೇ ಕರೆದಿದೀವಿ. ಎರಡು ಮಾತಾಡ್ತೀನಿ ಅಂದಿದಾರೆ."

ಆ ಎರಡು ಮಾತು ಯಾವುದೆಂದು ನನಗೆ ಗೊತ್ತು. ನಲವತ್ನಾಲ್ಕು ವರ್ಷಗಳಿಂದ ಮನೆಗೆ ಬಂದವರನ್ನೆಲ್ಲ ಗಾಜಿನ ಬೀರುವಿನ ಮುಂದೆ ನಿಲ್ಲಿಸಿ ಅಪ್ಪ ಅದನ್ನೇ ಆಡುತ್ತಿದ್ದಾರೆ. "ಇದೆಲ್ಲ ನನ್ನ ಮಗ ಮಾಡಿದ್ದು. ಎಂಥ ಕೈ, ಬಿಟ್ಟುಬಿಟ್ಟ."

ಅವತ್ತೇ ಸಂಜೆ ಅಕ್ಕ ಫೋನ್ ಮಾಡಿದಳು. ಅಪ್ಪ ಇರುವುದು ಅವಳ ಮನೆಯಲ್ಲಿ.

"ಅಪ್ಪ ಭಾಷಣ ಬರೀತಿದಾರೆ. ಕನ್ನಡಿ ಮುಂದೆ ನಿಂತು ಓದಿ ನೋಡ್ಕೋತಿದಾರೆ," ಅಂದಳು. "ನೋಡು, ಇಷ್ಟು ವರ್ಷ ನಾನೇನೂ ಕೇಳಿಲ್ಲ. ಶನಿವಾರ ಅವರು ಮೈಕ್ ಹಿಡಿಯೋಕೆ ಮುಂಚೆ ನೀನು ಬಂದು ಅವರಿಗೆ ನಿಜ ಹೇಳು. ನನ್ನ ಮುಂದೆ ಬೇಡ, ಊರ ಮುಂದೆ ಬೇಡ. ಅವರಿಗೆ ಹೇಳು ಸಾಕು. ಚೀಟಿ ಮೇಲೆ ಏನು ಬೇಕಾದ್ರೂ ಬರ್ಕೋ."

ನಿಜ ಏನೆಂದರೆ, ಆ ಒಂಬತ್ತೂ ವಿಮಾನಗಳನ್ನು ಮಾಡಿದವಳು ಅಕ್ಕ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಅರ್ಧ ನಿಮಿಷದ ಮಾತನ್ನು ಆಡಲಾರದೆ ನಾಲ್ಕು ದಿನ ಕೂತು ಕಥೆ ಬರೆಯುವವನನ್ನು ಲೇಖಕ ಎನ್ನುತ್ತಾರೆ. ಬನ್ನಿ, ಕೂತುಕೊಳ್ಳಿ.

೩

ವಿಮಾನದ ಕಿಟ್ ಡಬ್ಬಿಯೊಳಗೆ ಒಂದು ಸೂಚನಾ ಹಾಳೆ ಇರುತ್ತಿತ್ತು. ಅದರಲ್ಲಿ ಮಾತೇ ಇಲ್ಲ, ಬರೀ ಚಿತ್ರ, ಬಾಣ, ಅಂಕಿ. ಮೊದಲು ಬಿಡಿಭಾಗಗಳ ಪಟ್ಟಿ, ಆಮೇಲೆ ಹೆಜ್ಜೆ ಒಂದು, ಹೆಜ್ಜೆ ಎರಡು. ಕಥೆಯನ್ನೂ ಹಾಗೆಯೇ ಬರೆದರೆ ಹೇಗೆ ಎಂಬ ಜಾಣತನ ನನಗೆ ಹೊಳೆದಿದೆ. ದಯವಿಟ್ಟು ತಡೆದುಕೊಳ್ಳಿ, ಹೆಚ್ಚು ಹೊತ್ತು ಇರುವುದಿಲ್ಲ.

ಭಾಗ ಒಂದು: ಅಪ್ಪ. ಎಂಬತ್ತಾರು ವರ್ಷ. ನಿವೃತ್ತ ಲಿಫ್ಟ್ ಇನ್‌ಸ್ಪೆಕ್ಟರ್. ಬೇರೆಯವರು ಕಟ್ಟಿದ್ದು ಗಟ್ಟಿಯಿದೆಯೇ ಎಂದು ನೋಡಿ ಸಹಿ ಹಾಕುವುದೇ ಅವರ ಜೀವಮಾನದ ಕೆಲಸವಾಗಿತ್ತು. ಒಮ್ಮೆ ಸಹಿ ಹಾಕಿದ ಮೇಲೆ ಬ್ರಹ್ಮ ಬಂದು ಹೇಳಿದರೂ ಬದಲಾಯಿಸಿದವರಲ್ಲ.

ಭಾಗ ಎರಡು: ಅಕ್ಕ. ಐವತ್ತೆಂಟು. ಹಲ್ಲಿನ ಡಾಕ್ಟರಲ್ಲ, ಹಲ್ಲಿನ ಡಾಕ್ಟರುಗಳಿಗೆ ಹಲ್ಲು ಮಾಡಿಕೊಡುವವಳು. ಮೂರು ಜನರ ಸಣ್ಣ ಲ್ಯಾಬು, ಉಳಿದದ್ದು ಮನೆಯ ಬಾಲ್ಕನಿ. ಪ್ಲಾಸ್ಟರಿನ ದವಡೆಯ ಮೇಲೆ ಮೇಣದಲ್ಲಿ ಹಲ್ಲು ಕೆತ್ತುತ್ತಾಳೆ. ಹಲ್ಲು ಹಾಕಿಸಿಕೊಂಡವರು ಡಾಕ್ಟರಿಗೆ ಕೈಮುಗಿದು ಹೋಗುತ್ತಾರೆ. ಹಲ್ಲಿನ ಮೇಲೆ ಮಾಡಿದವರ ಹೆಸರು ಬರೆಯುವ ಪದ್ಧತಿ ಎಲ್ಲೂ ಇಲ್ಲ.

ಭಾಗ ಮೂರು: ಅಮ್ಮ. ಏಳು ವರ್ಷದ ಹಿಂದೆ ತೀರಿಕೊಂಡಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಬಟ್ಟೆ ಒಣಗಿಸುವ ಕ್ಲಿಪ್ಪುಗಳು ವಾರಕ್ಕೆ ನಾಲ್ಕು ಕಾಣೆಯಾದರೂ ಯಾಕೆಂದು ಕೇಳದೆ ಹೊಸ ಡಜನ್ ತಂದಿಡುತ್ತಿದ್ದಳು.

ಭಾಗ ನಾಲ್ಕು: ನಾನು. ಐವತ್ನಾಲ್ಕು. ಹದಿನೈದು ವರ್ಷದಿಂದ ಬಾಲ್ಯವನ್ನು ವಾರಕ್ಕೊಂದು ತುಂಡಿನಂತೆ ಕತ್ತರಿಸಿ ಪತ್ರಿಕೆಗೆ ಕೊಡುತ್ತಿದ್ದೇನೆ. ಇನ್ನೂ ಮುಗಿದಿಲ್ಲ ಎಂದರೆ ಅದರಲ್ಲಿ ಎಷ್ಟು ಕಲಬೆರಕೆ ಇರಬಹುದೆಂದು ನೀವೇ ಊಹಿಸಿ.

(ಇಲ್ಲಿ ನನ್ನ ತಲೆಯೊಳಗಿನ ಅಕ್ಕ ಬಾಯಿ ಹಾಕುತ್ತಾಳೆ. ನಿಜವಾದ ಅಕ್ಕನಿಗೆ ಓದಿ ತೋರಿಸುವ ಧೈರ್ಯವಿಲ್ಲದ್ದರಿಂದ ಇವಳನ್ನು ಇಟ್ಟುಕೊಂಡಿದ್ದೇನೆ. "ಹಲ್ಲಿನ ಮೇಲೆ ಹೆಸರಿಲ್ಲ ಅಂತ ಬರ್ದು ನನ್ನ ಬಡಪಾಯಿ ಮಾಡ್ಬೇಡ," ಅನ್ನುತ್ತಾಳೆ. "ನನಗೆ ನನ್ನ ಕೆಲಸ ಇಷ್ಟ. ನಾನು ಕೇಳಿದ್ದು ಒಂದೇ. ಅದನ್ನ ಬಿಟ್ಟು ಬೇರೆಲ್ಲ ಬರೀತಿದೀಯ.")

೪

ಮೊದಲನೆಯ ಕಿಟ್ ಬಂದದ್ದು ನಾನು ಲೆಕ್ಕದಲ್ಲಿ ಪಾಸಾದಾಗ. ಅದೇ ವಾರ ಅಕ್ಕ ತರಗತಿಗೇ ಮೊದಲಿಗಳಾಗಿದ್ದಳು. ಅವಳಿಗೆ ಕಸೂತಿಯ ರಿಂಗು ಮತ್ತು ಆರು ಬಣ್ಣದ ದಾರ ಬಂತು. ಅಪ್ಪನ ತಲೆಯಲ್ಲಿ ಅದು ಸರಿಯಾದ ಹಂಚಿಕೆ. ಕೆಟ್ಟತನವೇನೂ ಇರಲಿಲ್ಲ.

ಡಬ್ಬಿ ತೆರೆದೆ. ಬೂದು ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟು, ಅದಕ್ಕೆ ಅಂಟಿಕೊಂಡ ನಲವತ್ತೆಂಟು ತುಂಡುಗಳು. ಕತ್ತರಿಸಿ ತೆಗೆಯಬೇಕಾದ್ದನ್ನು ಕೈಯಿಂದ ತಿರುಚಿ ತೆಗೆದೆ. ಒಂದು ಗಾಲಿ ಸೋಫಾದ ಕೆಳಗೆ ಹಾರಿತು. ಪೈಲಟ್‌ನ ತಲೆಯ ಅರ್ಧ ಭಾಗ ಚೌಕಟ್ಟಿನಲ್ಲೇ ಉಳಿಯಿತು. ಕಾಕ್‌ಪಿಟ್‌ನ ಗಾಜಿನಂಥ ಮುಚ್ಚಳಕ್ಕೆ ಅಂಟು ಮೆತ್ತಿದ ಹೆಬ್ಬೆರಳು ಒತ್ತಿದೆ. ಆಮೇಲೆ ಅಳುತ್ತಾ ಕೂತೆ.

ಅಕ್ಕ ಕಸೂತಿ ಕೆಳಗಿಟ್ಟು ಬಂದಳು. (ಆ ರಿಂಗು ಇವತ್ತಿಗೂ ಇದೆ. ಹೂವಿನ ಎರಡೂವರೆ ಎಸಳಾಗಿದೆ, ಸೂಜಿ ಅಲ್ಲೇ ಚುಚ್ಚಿಕೊಂಡಿದೆ.) ಅಮ್ಮನ ನೇಲ್ ಕಟರು ತಂದು ತುಂಡುಗಳನ್ನು ಒಂದೊಂದಾಗಿ ಬಿಡಿಸಿದಳು. ಉಗುರು ಉಜ್ಜುವ ಅರದಿಂದ ಅಂಚು ತಿಕ್ಕಿದಳು. ಜೋಡಣೆಯ ಸಂದಿಗೆ ಮುಖದ ಪೌಡರನ್ನು ನೇಲ್ ಪಾಲಿಶ್‌ನಲ್ಲಿ ಕಲಸಿ ತುಂಬಿದಳು. ಹದಿನಾಲ್ಕು ವರ್ಷದವಳಿಗೆ ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದರು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಮಿಕ್ಕಿದ ಕಡ್ಡಿಯೊಂದನ್ನು ಮೇಣದ ಬತ್ತಿಯ ಮೇಲೆ ಹಿಡಿದು ಮೆತ್ತಗಾದ ಕೂಡಲೇ ಎಳೆದಳು. ಕೂದಲಿಗಿಂತ ತೆಳ್ಳನೆಯ ಎಳೆ ಬಂತು. ಅದು ವಿಮಾನದ ಆಂಟೆನಾ ಆಯಿತು.

ನಾಲ್ಕನೇ ದಿನ ಅಪ್ಪ ಬಂದು ವಿಮಾನವನ್ನು ಎತ್ತಿ, ಲಿಫ್ಟಿನ ಬಾಗಿಲು ನೋಡುವವರಂತೆ ಕಣ್ಣಿನ ಮಟ್ಟಕ್ಕೆ ಹಿಡಿದು, ಹೆಬ್ಬೆರಳ ಉಗುರನ್ನು ಹೊಟ್ಟೆಯ ಉದ್ದಕ್ಕೂ ಎಳೆದರು.

"ಜಾಯಿಂಟೇ ಸಿಗ್ತಿಲ್ಲವಲ್ಲೋ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. "ನೀನೇ ಮಾಡಿದ್ಯಾ?"

"ಹೂಂ," ಅಂದೆ.

ಅಕ್ಕ ಅಲ್ಲೇ ಇದ್ದಳು. ಕಸೂತಿಯ ರಿಂಗು ಎತ್ತಿಕೊಂಡು ಕೂತಿದ್ದಳು. ಏನೂ ಅನ್ನಲಿಲ್ಲ.

೬

ಅನ್ನದಿದ್ದಕ್ಕೆ ಅವಳಿಗೆ ಅವಳದೇ ಕಾರಣವಿತ್ತು. ಅಪ್ಪ ಅತ್ತ ಹೋದ ಮೇಲೆ ಹತ್ತಿರ ಬಂದು, "ಬಿಡು, ನಿನ್ನ ಹೆಸರೇ ಇರ್ಲಿ. ನೀನು ಮಾಡ್ದೆ ಅಂದ್ರೆ ಇನ್ನೊಂದು ತರ್ತಾರೆ. ನಾನು ಮಾಡ್ದೆ ಅಂದ್ರೆ ನಿಂತುಹೋಗುತ್ತೆ," ಅಂದಳು. ಹದಿನಾಲ್ಕು ವರ್ಷಕ್ಕೇ ಅಪ್ಪನನ್ನು ಅಷ್ಟು ಚೆನ್ನಾಗಿ ಓದಿಕೊಂಡಿದ್ದಳು. ಇನ್ನೊಂದು ಬಂತು. ಆಮೇಲೆ ಮತ್ತೊಂದು. ಎರಡು ವರ್ಷದಲ್ಲಿ ಒಂಬತ್ತು.

ಈಗ ನೀವು ಕೇಳಬಹುದು: ಹಾಗಾದರೆ ನೀನು ಏನು ಮಾಡುತ್ತಿದ್ದೆ ಮಾರಾಯ, ಯಾವುದರ ನೆನಪಿಗೆ ಅಷ್ಟು ಹಲುಬುತ್ತೀಯ?

ನಾನು ಕ್ಲಿಪ್ಪಾಗಿದ್ದೆ. ವಿಮಾನದ ಹೊಟ್ಟೆ ಎರಡು ಹೋಳಾಗಿ ಬರುತ್ತದೆ. ಅಂಟು ಸವರಿ ಸೇರಿಸಿದ ಮೇಲೆ ಹತ್ತು ನಿಮಿಷ ಅಲುಗದಂತೆ ಒತ್ತಿ ಹಿಡಿಯಬೇಕು. ಬಟ್ಟೆಯ ಕ್ಲಿಪ್ಪು ಸಾಲದ ಕಡೆ ನನ್ನ ಬೆರಳು. ಎರಡೂ ಕೈ ಅಲ್ಲೇ ಸಿಕ್ಕಿಕೊಂಡಿರುವಾಗ ನನಗೆ ಮೂಗು ತುರಿಸುತ್ತಿತ್ತು. ಅಕ್ಕ ತನ್ನ ಮೊಣಕೈಯಿಂದ ನನ್ನ ಮೂಗು ಉಜ್ಜುತ್ತಿದ್ದಳು. "ಉಸಿರು ಬಿಡ್ಬೇಡ, ಅಲುಗುತ್ತೆ," ಅನ್ನುತ್ತಿದ್ದಳು. ಅವಳ ಮುಖ ಅಷ್ಟು ಹತ್ತಿರವಿರುತ್ತಿತ್ತು. ಆ ಹತ್ತು ನಿಮಿಷ ಅವಳಿಗೆ ನಾನು ಬೇಕಾಗಿದ್ದೆ. ನನಗೆ ನಿಜಕ್ಕೂ ನೆನಪಾಗುವುದು ಅದು. ಅಂಕಣದಲ್ಲಿ ಇದನ್ನು ಬರೆಯಲಿಲ್ಲ. ಕ್ಲಿಪ್ಪಿನ ಆತ್ಮಕಥೆ ಯಾರಿಗೆ ಬೇಕು?

(ತಲೆಯೊಳಗಿನ ಅಕ್ಕ: "ಚೆನ್ನಾಗಿದೆ. ಆದ್ರೆ ನಾಲ್ಕಾದ ಮೇಲೆ ಆರಕ್ಕೆ ಬಂದಿದೀಯ.")

ಗಮನಿಸಲಿಲ್ಲ ಕಣೆ.

("ಸುಳ್ಳು. ಗಮನಿಸಿಯೇ ಬಿಟ್ಟಿದೀಯ. ಹಾಕು.")

ಆಮೇಲೆ ಹಾಕ್ತೀನಿ. ಈಗ ಹಾಕಿದ್ರೆ ಓದೋರಿಗೆ ನನ್ನ ಮೇಲೆ ಬೇಜಾರಾಗುತ್ತೆ.

("ಆಗ್ಲಿ.")

೫ (ತಡವಾಗಿ)

ಸರಿ, ಕೇಳಿ. ಈ ವಿಮಾನಗಳಿಗೆ ಮೂರು ಗಾಲಿ, ಎರಡು ರೆಕ್ಕೆಯ ಕೆಳಗೆ, ಒಂದು ಮೂತಿಯ ಕೆಳಗೆ. ಪ್ಲಾಸ್ಟಿಕ್ ವಿಮಾನದಲ್ಲಿ ಬಾಲದ ಕಡೆಯೇ ಭಾರ. ಅದಕ್ಕೇ ಎರಡು ಹೋಳು ಅಂಟಿಸುವ ಮೊದಲು ಮೂತಿಯೊಳಗೆ ಒಂದಿಷ್ಟು ತೂಕ ಕೂರಿಸಬೇಕು. ಸೂಚನಾ ಹಾಳೆಯ ಐದನೇ ಹೆಜ್ಜೆಯಲ್ಲಿ ಸಣ್ಣದೊಂದು ತೂಕದ ಬಟ್ಟಿನ ಚಿತ್ರ, ಪಕ್ಕದಲ್ಲಿ ಐದು ಗ್ರಾಂ ಎಂಬ ಗುರುತು. ಆ ತೂಕ ಡಬ್ಬಿಯಲ್ಲಿ ಇರುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು. ಅಕ್ಕನ ಬಳಿ ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳಿದ್ದವು. ಹತ್ತಿಯಲ್ಲಿ ಸುತ್ತಿ ಮೂತಿಯೊಳಗೆ ತುರುಕುತ್ತಿದ್ದಳು. ನೋಡಿದವರಿಗೆ ಅದು ಎಂದೂ ಕಾಣುವುದಿಲ್ಲ.

ಹತ್ತನೇ ಕಿಟ್ ಬಂದಾಗ ಅಕ್ಕನಿಗೆ ಪಬ್ಲಿಕ್ ಪರೀಕ್ಷೆ. ಅವಳು ಒಳಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದಳು. ಶಾಲೆಯ ಪ್ರದರ್ಶನಕ್ಕೆ ಆರು ದಿನ ಉಳಿದಿತ್ತು. ಮಗ ಹೊಸ ವಿಮಾನ ತರುತ್ತಾನೆಂದು ಅಪ್ಪ ಆಗಲೇ ಮಾಸ್ತರಿಗೆ ಹೇಳಿಬಿಟ್ಟಿದ್ದರು. ಹನ್ನೆರಡು ವರ್ಷದ ನನಗೆ, ಇಷ್ಟು ದಿನ ಕೈ ಹಿಡಿದವನು ಕೈ ಆಡಿಸಲಾರೆನೇ ಅನ್ನಿಸಿತು. ಕೂತೆ. ಮಾಡಿದೆ. ಬಣ್ಣ ಬಳಿದೆ, ನೀರಲ್ಲಿ ನೆನೆಸಿದ ಸ್ಟಿಕರುಗಳನ್ನು ಜಾರಿಸಿ ಕೂರಿಸಿದೆ. ದೇವರಾಣೆಗೂ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಗಾಲಿಯ ಮೇಲೆ ನಿಲ್ಲಿಸಿದೆ. ಮೂತಿ ಮೆಲ್ಲಗೆ ಮೇಲೆದ್ದಿತು. ವಿಮಾನ ಬಾಲದ ಮೇಲೆ ಕುಕ್ಕರಿಸಿ ಕೂತು ಛಾವಣಿ ನೋಡತೊಡಗಿತು. ಮತ್ತೆ ನಿಲ್ಲಿಸಿದೆ. ಮತ್ತೆ ಕೂತಿತು. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುತ್ತದೆ, ಒಮ್ಮೆ ಮುಚ್ಚಿದ ಹೊಟ್ಟೆಯನ್ನು ಮತ್ತೆ ಬಿಚ್ಚಲು ಬರುವುದಿಲ್ಲ. ಹಾಳೆ ತೆಗೆದು ನೋಡಿದೆ. ಆ ಬಟ್ಟಿನ ಚಿತ್ರವನ್ನು ನಾನು ಶಾಯಿಯ ಕಲೆ ಅಂದುಕೊಂಡಿದ್ದೆ.

ಹಿಂದಿನಿಂದ ಅಪ್ಪ ಬಂದರು. ಉಗುರು ಎಳೆದು ನೋಡಿದರು. ಸಂದಿ ಸಿಕ್ಕಿತು. ನಿಲ್ಲಿಸಿ ನೋಡಿದರು, ಬಾಲದ ಮೇಲೆ ಕೂತಿತು.

"ಏನೋ ಇದು?"

"ಇದು ಅಕ್ಕ ಮಾಡಿದ್ದು," ಅಂದೆ.

ಲೆಕ್ಕ ಸರಿಯಾಗಿ ನೋಡಿಕೊಳ್ಳಿ. ಅವಳು ಮಾಡಿದ ಒಂಬತ್ತಕ್ಕೂ ನನ್ನ ಹೆಸರು. ನಾನು ಮಾಡಿದ್ದು ಒಂದೇ ಒಂದು, ಅದಕ್ಕೆ ಮಾತ್ರ ಅವಳ ಹೆಸರು.

ಪರೀಕ್ಷೆಯ ಹೊತ್ತಲ್ಲಿ ಹುಡುಗಿ ಕದ್ದು ಆಟಿಕೆ ಮಾಡುತ್ತಿದ್ದಳು ಎಂದು ಅಪ್ಪ ಅರ್ಥಮಾಡಿಕೊಂಡರು. ಒಳಕೋಣೆಗೆ ಹೋಗಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಹೊರಗೆ ಬಂದು ವಿಮಾನವನ್ನು ಕಸದ ಬುಟ್ಟಿಗೆ ಹಾಕಿದರು. ಅವಳ ಅರ, ಕುಂಚ, ಸೀಸದ ಗುಂಡು ಎಲ್ಲವನ್ನೂ ನನ್ನ ಕಪಾಟಿಗೆ ತಂದಿಟ್ಟು, "ಇನ್ಮೇಲೆ ಇವನ ಸಾಮಾನು ಯಾರೂ ಮುಟ್ಟಕೂಡ್ದು," ಅಂದರು. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಸೂಚನಾ ಹಾಳೆ ಮಡಿಸುತ್ತಿದ್ದೆ.

ಆಮೇಲೂ ಎರಡು ಕಿಟ್ ಬಂದವು. ತೆರೆಯಲಿಲ್ಲ. ಆಸಕ್ತಿ ಹೋಯಿತು ಅಂದೆ. ಎಂಥ ಕೈ, ಬಿಟ್ಟುಬಿಟ್ಟ.

೭

(ಅಪ್ಪ ಎಂಬ ಪಾತ್ರವೂ ಒಂದು ತಕರಾರು ದಾಖಲಿಸುತ್ತಿದೆ. "ನನ್ನ ಖಳನಾಯಕ ಮಾಡ್ತಿದೀಯಲ್ಲೋ. ನಿನ್ನ ಕೇಳಿದೆ ತಾನೆ, ನೀನೇ ಮಾಡಿದ್ಯಾ ಅಂತ? ಕೇಳಿಯೇ ಸಹಿ ಹಾಕಿದ್ದು." ಆಕ್ಷೇಪಣೆ ಅಂಗೀಕರಿಸಲಾಗಿದೆ.)

ಈ ನಾಲ್ಕು ದಿನ ನಾನು ಅಪ್ಪನ ಹತ್ತಿರ ಹೋಗದೆ ಮುಕ್ತಾಯಗಳನ್ನು ಬರೆದೆ. ಹೋಗುವುದಕ್ಕಿಂತ ಅದು ಸುಲಭವಾಗಿತ್ತು. ಎರಡನ್ನು ಇಲ್ಲಿ ಇಡುತ್ತೇನೆ. ಬೇಕಾದವರು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಇಲ್ಲಿಗೇ ಓದು ನಿಲ್ಲಿಸಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮುಕ್ತಾಯ ಒಂದು. ನಾನು ತಲೆತಗ್ಗಿಸಿ ಹೇಳುತ್ತೇನೆ. ಅಪ್ಪ ದೀರ್ಘವಾಗಿ ಉಸಿರು ಬಿಟ್ಟು, "ನನಗೆ ಮೊದಲಿನಿಂದಲೂ ಗೊತ್ತಿತ್ತು ಮಗು," ಅನ್ನುತ್ತಾರೆ. ಕಿಟಕಿಯಾಚೆ ನಿಜವಾದ ವಿಮಾನವೊಂದು ಹಾದುಹೋಗುತ್ತದೆ. ಸಂಪಾದಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಅಪ್ಪಂದಿರಿಗೆ ಎಲ್ಲ ಮೊದಲೇ ಗೊತ್ತಿರುವುದು ಕಥೆಗಳಲ್ಲಿ ಮಾತ್ರ. ನಮ್ಮಪ್ಪನಿಗೆ ಗೊತ್ತಿದ್ದಿದ್ದರೆ ಅವತ್ತೇ ನನ್ನ ಕಿವಿ ಕಿತ್ತು ಕೈಗೆ ಕೊಡುತ್ತಿದ್ದರು.

ಮುಕ್ತಾಯ ಎರಡು. ನಾನು ಹೇಳಲು ಹೊರಡುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ತಡವಾಯಿತು. ಪಶ್ಚಾತ್ತಾಪ, ಹೂವು, ಮೌನ. ಬರೆಯುವಾಗ ನನಗೇ ಎಷ್ಟು ಹಾಯೆನಿಸಿತೆಂದರೆ, ಅಪ್ಪನನ್ನು ಕೊಂದರೂ ಸರಿ, ಬಾಯಿ ಬಿಡುವುದೊಂದು ತಪ್ಪಿದರೆ ಸಾಕು ಎಂಬಂತಿತ್ತು. ಹರಿದು ಹಾಕಿದೆ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ದಿನಾ ಮೂರು ಮಹಡಿ ಹತ್ತಿಳಿಯುತ್ತಾರೆ. ಲಿಫ್ಟ್ ನಂಬುವುದಿಲ್ಲ.

೮

ನಡೆದದ್ದು ಇದು. ನಿನ್ನೆ, ಗುರುವಾರ, ಮಧ್ಯಾಹ್ನ ಹೋದೆ.

ಊಟದ ಮೇಜಿನ ಮೇಲೆ ಒಂಬತ್ತೂ ವಿಮಾನಗಳು ಸಾಲಾಗಿ ನಿಂತಿದ್ದವು. ಅಕ್ಕ ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಒಯ್ಯುವುದಕ್ಕೆಂದು ರಟ್ಟಿನ ಪೆಟ್ಟಿಗೆ, ಹತ್ತಿ ಎಲ್ಲ ಸಿದ್ಧಮಾಡಿದ್ದಳು. ನನ್ನನ್ನು ಕಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಪ್ಪ ಭಾಷಣದ ಹಾಳೆ ಹಿಡಿದು ಕ್ಯಾರೆಟ್ ಕಡಿಯುತ್ತಿದ್ದರು. ಅಕ್ಕ ಮಾಡಿಕೊಟ್ಟ ಹಲ್ಲಿನಲ್ಲಿ ಕಟಕಟ ಸದ್ದು ಬರುತ್ತಿತ್ತು.

"ಅಪ್ಪ, ಒಂದು ಮಾತು. ಇವು ನಾನು ಮಾಡಿದ್ದಲ್ಲ. ಎಲ್ಲಾನೂ ಅಕ್ಕ ಮಾಡಿದ್ದು. ನಾನು ಹಿಡ್ಕೊಂಡಿರ್ತಿದ್ದೆ ಅಷ್ಟೇ. ಆಗ ಸುಳ್ಳು ಹೇಳ್ದೆ."

ಎಣಿಸಿದರೆ ಅರ್ಧ ನಿಮಿಷವೂ ಆಗಲಿಲ್ಲ.

ಅಪ್ಪ ಕ್ಯಾರೆಟ್ ನುಂಗಿದರು. ಅವರ ಕಣ್ಣು ತುಂಬಿಕೊಂಡಿತು.

"ಅವಳಿಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ ಅಲ್ವಾ," ಅಂದರು.

"ಅಲ್ಲ ಅಪ್ಪ. ನಿಜ ಹೇಳ್ತಿದೀನಿ."

"ಗೊತ್ತಾಯ್ತು ಕಣೋ. ನನ್ನ ನೋಡ್ಕೊಳ್ಳೋಳು ಅವಳು, ಹೊಗಳಿಸ್ಕೊಳ್ಳೋನು ನೀನು. ನಿನ್ನ ಮನಸ್ಸಿಗೆ ಚುಚ್ಚಿದೆ. ನಿಮ್ಮಮ್ಮನ ಗುಣ ನಿನಗೇ ಬಂದಿರೋದು."

"ಅಪ್ಪ, ಒಂದು ವಿಮಾನ ಬಾಲದ ಮೇಲೆ ಕೂತ್ಕೊಳ್ತಿತ್ತಲ್ಲ, ನೀವೇ ಬುಟ್ಟಿಗೆ ಹಾಕಿದ್ರಿ. ನಾನು ಮಾಡಿದ್ದು ಅದೊಂದೇ."

"ಅದು ಅವಳದು," ಅಂದರು, ಕಡತ ತೆಗೆದು ಓದುವವರಂತೆ. "ಅವತ್ತು ನೀನೇ ಹೇಳಿದ್ದೆ. ನನಗೆ ಚೆನ್ನಾಗಿ ನೆನಪಿದೆ. ಅವಳು ಮಾಡಿದ್ದು ಅದೊಂದು, ಅದೂ ನಿಲ್ಲಲಿಲ್ಲ. ಪಾಪ, ಎಲ್ಲರಿಗೂ ಎಲ್ಲ ಕೈಯೂ ಬರಲ್ಲ."

ನನ್ನ ಸುಳ್ಳನ್ನು ನನಗೇ ಸಾಕ್ಷಿಯಾಗಿ ತೋರಿಸಿದರು. ಇನ್‌ಸ್ಪೆಕ್ಟರ್ ಕೆಲಸ ಎಂದರೆ ಹಾಗಿರಬೇಕು.

"ನೀವು ಹಾಕ್ಕೊಂಡಿರೋ ಹಲ್ಲು ಯಾರು ಮಾಡಿದ್ದು ಅಪ್ಪ?"

"ಡಾಕ್ಟ್ರು." ಸ್ವಲ್ಪ ಯೋಚಿಸಿದರು. "ಇವಳೂ ಲ್ಯಾಬಲ್ಲಿ ಸಹಾಯ ಮಾಡಿದಾಳೆ, ಇಲ್ಲ ಅನ್ನಲ್ಲ. ಆದ್ರೆ ಅಳತೆ ತಗೊಂಡಿದ್ದು ಡಾಕ್ಟ್ರು ತಾನೆ?"

ಆಮೇಲೆ ಪೆನ್ನು ತೆಗೆದು ಭಾಷಣದ ಕೊನೆಗೆ ಒಂದು ಸಾಲು ಸೇರಿಸಿ ನನಗೆ ಓದಿ ಹೇಳಿದರು: "ತನ್ನ ಕೆಲಸದ ಕೀರ್ತಿಯನ್ನೂ ಅಕ್ಕನಿಗೆ ಬಿಟ್ಟುಕೊಡಲು ಮುಂದಾದ ಇಂಥ ಮಗನನ್ನು ಪಡೆದದ್ದು ನನ್ನ ಪುಣ್ಯ."

ಒಂದು ಕ್ಷಣ ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಡಬಹುದಿತ್ತು, ಬರೆದಿದ್ದೇನೆ. ಖುಷಿಯ ಬೆನ್ನಿಗೇ ಎಷ್ಟು ನಾಚಿಕೆಯಾಯಿತೆಂದರೆ, ಅಪ್ಪನ ಎದುರು ಕೂರಲಾಗದೆ ಎದ್ದು ಬಾಲ್ಕನಿಗೆ ಹೋದೆ.

೯

ಅಕ್ಕ ಕನ್ನಡಕದ ಮೇಲೆ ಇನ್ನೊಂದು ಭೂತಗಾಜು ಸಿಕ್ಕಿಸಿಕೊಂಡು ದವಡೆಯೊಂದರ ಕೋರೆಹಲ್ಲು ತಿದ್ದುತ್ತಿದ್ದಳು. ಇದು ತಲೆಯೊಳಗಿನ ಅಕ್ಕನಲ್ಲ, ನಿಜವಾದವಳು. ಹಾಗಾಗಿ ಇವಳ ಮಾತನ್ನು ನಾನು ತಿದ್ದಿಲ್ಲ.

"ಹೇಳ್ದೆ," ಅಂದೆ.

"ಕೇಳಿಸ್ತು."

"ನಂಬಲಿಲ್ಲ."

"ನಿನ್ನ ಇನ್ನೂ ಜಾಸ್ತಿ ಮೆಚ್ಕೊಂಡ್ರು."

"ಒಂದು ಕೆಲಸ ಮಾಡೋಣ. ಎಲ್ಲಾದ್ರೂ ಹುಡುಕಿ ಒಂದು ಕಿಟ್ ತರ್ತೀನಿ. ಅವರ ಮುಂದೆ ಕೂತು ಮಾಡಿ ತೋರ್ಸು. ಕಣ್ಣಾರೆ ನೋಡಿದ್ಮೇಲೆ..."

ಅವಳು ಕೈ ನಿಲ್ಲಿಸಿದಳು. "ಐವತ್ತೆಂಟು ವರ್ಷಕ್ಕೆ ನಾನು ಮತ್ತೆ ಪರೀಕ್ಷೆಗೆ ಕೂರಲ್ಲ," ಅಂದಳು. ಕೋಪದಲ್ಲಿ ಅನ್ನಲಿಲ್ಲ. ಸುಸ್ತಾದವರ ಧ್ವನಿಯಿತ್ತು. "ಇಪ್ಪತ್ತು ವರ್ಷದ ಹಿಂದೆ ಹೇಳಿದ್ರೆ ಅಮ್ಮ ಇದ್ಲು. ಹೂಂ ಕಣ್ರೀ, ಅವಳೇ ಮಾಡಿದ್ದು ಅಂತ ಒಂದು ಮಾತು ಅಂದಿರೋಳು. ಈಗ ಹೇಳೋಕೆ ನೀನೊಬ್ಬನೇ ಇರೋದು. ನೀನು ಏನು ಹೇಳಿದ್ರೂ ಅದು ನಿನ್ನ ಲೆಕ್ಕಕ್ಕೇ ಹೋಗುತ್ತೆ."

"ಹಾಗಾದ್ರೆ ಬರೀತೀನಿ. ಏನೂ ಮುಚ್ಚಿಡ್ದೆ ಬರೀತೀನಿ."

"ಬರಿ. ಚೆನ್ನಾಗಿ ಬರೀತೀಯ." ಕೆತ್ತಿದ ಮೇಣದ ಚೂರುಗಳನ್ನು ಉಫ್ ಎಂದು ಊದಿದಳು. "ಓದಿದವರು ಎಷ್ಟು ಪ್ರಾಮಾಣಿಕ ಮನುಷ್ಯ ಅಂತಾರೆ. ಅದಕ್ಕೆ ಹೆಸರು ಯಾರದು ಹಾಕ್ತೀಯ?"

"ನಿನ್ನದೇ ಹಾಕ್ತೀನಿ."

"ಬೇಡಪ್ಪ. ಅದನ್ನ ನಾನು ಬರ್ದಿಲ್ಲ. ಮಾಡ್ದೇ ಇರೋದಕ್ಕೆ ಹೆಸರು ಹಾಕಿಸ್ಕೊಳ್ಳೋದು ನಿನ್ನ ಅಭ್ಯಾಸ, ನನಗಿಲ್ಲ."

ಹೇಳಿ ಮತ್ತೆ ದವಡೆಯ ಮೇಲೆ ಬಗ್ಗಿದಳು. ನಾನು ಸ್ವಲ್ಪ ಹೊತ್ತು ನಿಂತಿದ್ದೆ. ಏನಾದರೂ ಹಿಡಿದುಕೊಳ್ಳಲು ಹೇಳುತ್ತಾಳೇನೋ ಅಂದುಕೊಂಡೆ. ಮೇಜಿನ ಮೇಲೆ ಅವಳ ಕ್ಲ್ಯಾಂಪು ಇತ್ತು, ಸ್ಕ್ರೂ ತಿರುಗಿಸಿದರೆ ದವಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವಂಥದ್ದು. ಅವಳಿಗೆ ಯಾರ ಕೈಯೂ ಬೇಕಿರಲಿಲ್ಲ.

೧೦

ಇವತ್ತು ಶುಕ್ರವಾರ, ನಾಲ್ಕೂ ಕಾಲು. ಗ್ರಂಥಾಲಯದ ರಟ್ಟಿನ ಚೀಟಿ ಮುಂದಿದೆ. 'ಮಾಡಿದವರು' ಎಂಬುದರ ಮುಂದೆ ಚುಕ್ಕಿಗಳ ಸಾಲು. ಅಕ್ಕನ ಹೆಸರು ಬರೆದರೆ ನಾಳೆ ಅಪ್ಪ ಅದನ್ನೇ ಬೆರಳಿಟ್ಟು ತೋರಿಸಿ ನನ್ನ ದೊಡ್ಡತನವನ್ನು ಸಭೆಗೆ ಸಾರುತ್ತಾರೆ. ನನ್ನ ಹೆಸರು ಬರೆದರೆ ನಲವತ್ನಾಲ್ಕಕ್ಕೆ ಇನ್ನೊಂದು ವರ್ಷ ಸೇರುತ್ತದೆ. ಖಾಲಿ ಬಿಟ್ಟರೆ ಮೇಡಂ ತಾವೇ ತುಂಬುತ್ತಾರೆ, ಅವರ ಹತ್ತಿರ ನನ್ನ ಅಂಕಣದ ತುಣುಕಿದೆ. ಹೆಸರಿಲ್ಲದೆ ಈ ಕಥೆಯನ್ನು ಅಚ್ಚು ಹಾಕಿ ಎಂದು ಸಂಪಾದಕರಿಗೆ ಫೋನ್ ಮಾಡಿದೆ. "ನಿಮ್ಮ ಶೈಲಿ ಯಾರಿಗೆ ಗೊತ್ತಾಗಲ್ಲ ಸರ್," ಅಂದರು, "ಆದ್ರೆ ಹೆಸರೂ ಬೇಡ ಅಂದ್ರಲ್ಲ, ಅದು ದೊಡ್ಡ ವಿಷಯ."

ನೀವು ಇಲ್ಲಿಯವರೆಗೆ ಓದಿದ್ದೀರಿ. ನಾಳೆ ಏನಾಯಿತು ಎಂದು ನಾನು ಹೇಳುವುದಿಲ್ಲ, ನಾಳೆ ಇನ್ನೂ ಆಗಿಲ್ಲ. ಕಥೆಯ ಬಗ್ಗೆ ಒಂದು ಒಳ್ಳೆಯ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದಿದ್ದರೆ, ದಮ್ಮಯ್ಯ, ಅದನ್ನು ನನಗೆ ಹೇಳಬೇಡಿ.